ಕಡಲಕಳೆ: ಊಟಕ್ಕೂ ಔಷಧಕ್ಕೂ, ಆದರೆ ಮಿತಿಯರಿತು

ಕೆಲವು ತಿಂಗಳ ಹಿಂದೆ ನಿವೃತ್ತ ಶಿಕ್ಷಕಿಯೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದರು. ಹತ್ತು ವರ್ಷಗಳಿಂದ ಪರಿಚಿತರು. ಥೈರಾಯ್ಡ್ ಗ್ರಂಥಿ ಸಾಕಷ್ಟು ಕೆಲಸ ಮಾಡದ ಕಾರಣ ದಿನವೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಥೈರಾಕ್ಸಿನ್ ಮಾತ್ರೆ ನುಂಗುತ್ತ ಆರೋಗ್ಯವಾಗಿಯೇ ಇದ್ದವರು. ಆ ದಿನ ಅವರ ಮುಖ ಊದಿಕೊಂಡಿತ್ತು, ದನಿ ಗೊಗ್ಗರಾಗಿತ್ತು, ಚರ್ಮ ಒಣಗಿತ್ತು. "ಎರಡು ಮೆಟ್ಟಿಲು ಹತ್ತಿದರೆ ಕಾಲು ಸೋತು ಬರುತ್ತದೆ ಡಾಕ್ಟ್ರೇ. ಎಲ್ಲರಿಗೂ ಸೆಕೆ, ನನಗೊಬ್ಬಳಿಗೇ ಚಳಿ" ಎಂದರು.

"ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀರಾ ಟೀಚರ್?" ಎಂದು ಕೇಳಿದೆ. ಅವರು ಸ್ವಲ್ಪ ಸಂಕೋಚದಿಂದಲೇ ಚೀಲದಿಂದ ಒಂದು ಸೀಸೆ ತೆಗೆದು ಮೇಜಿನ ಮೇಲಿಟ್ಟರು. ಅಮೆರಿಕದಲ್ಲಿರುವ ಮಗಳು ಕಳಿಸಿದ್ದಂತೆ. ಅದರ ಮೇಲೆ 'ಕೆಲ್ಪ್' ಎಂದು ಬರೆದಿತ್ತು. "ಇದೂ ಥೈರಾಯ್ಡಿಗೇ ಅಂತೆ. ಸಮುದ್ರದ ಗಿಡದಿಂದ ಮಾಡಿದ್ದು, ರಾಸಾಯನಿಕ ಏನೂ ಇಲ್ಲವಂತೆ. ಅದಕ್ಕೇ ಮೂರು ತಿಂಗಳಿಂದ ನಿಮ್ಮ ಮಾತ್ರೆ ಬಿಟ್ಟು ಇದನ್ನೇ ತೆಗೆದುಕೊಳ್ಳುತ್ತಿದ್ದೇನೆ" ಎಂದರು. ರಕ್ತ ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ ಪ್ರಮಾಣ ಇರಬೇಕಾದುದಕ್ಕಿಂತ ಹಲವು ಪಟ್ಟು ಏರಿತ್ತು. ಅಂದರೆ ಗ್ರಂಥಿ ಇನ್ನಷ್ಟು ಸೋತಿತ್ತು.

ಅವರ ತಪ್ಪು ತಿಳಿವಳಿಕೆಗೆ ಅವರನ್ನು ದೂರುವಂತಿಲ್ಲ. ಕಡಲಕಳೆಯಲ್ಲಿ ಅಯೋಡಿನ್ ಇದೆ ಎಂಬುದು ನಿಜ. ಅಯೋಡಿನ್ ಇಲ್ಲದೆ ಥೈರಾಯ್ಡ್ ಕೆಲಸ ಮಾಡದು ಎಂಬುದೂ ನಿಜ. ಈ ಎರಡು ನಿಜಗಳನ್ನು ಕೂಡಿಸಿದರೆ ಬರುವ ಉತ್ತರ ಮಾತ್ರ ಎಲ್ಲರಿಗೂ ಸರಿಹೊಂದುವುದಿಲ್ಲ. ಆದ್ದರಿಂದ ಈ ವಾರ ಕಡಲಕಳೆಯ ಬಗೆಗಳನ್ನೂ ಅದರ ಉಪಯೋಗಗಳನ್ನೂ, ಎಲ್ಲಿ ಎಚ್ಚರ ಬೇಕು ಎಂಬುದನ್ನೂ ತಿಳಿಯೋಣ.

ಕಡಲಕಳೆ ಎಂದರೇನು?

ಕಾರವಾರ, ಗೋಕರ್ಣ, ಭಟ್ಕಳದ ಬಂಡೆಗಳ ಬಳಿ ಅಥವಾ ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೋಡುವ ಸೇಂಟ್ ಮೇರಿಸ್ ದ್ವೀಪದಲ್ಲಿ ನೀರು ಇಳಿದಾಗ ಓಡಾಡಿದವರಿಗೆ ಇದು ಗೊತ್ತು. ಬಂಡೆಗೆ ಅಂಟಿಕೊಂಡ ಹಸಿರು ಹಾಳೆಗಳು, ಕಂದು ಪೊದೆಗಳು, ಕೆಂಪು ಎಳೆಗಳು. ಕಾಲಿಟ್ಟರೆ ಜಾರುತ್ತವೆ. ನಾವು ಇವನ್ನು ಒಟ್ಟಾಗಿ ಪಾಚಿ ಎಂದು ಕರೆದು ಮುಂದೆ ಹೋಗುತ್ತೇವೆ.

ಇವು ಗಿಡಗಳಂತೆ ಕಂಡರೂ ನಮ್ಮ ತೋಟದ ಗಿಡಗಳ ಹಾಗಲ್ಲ. ಇವುಗಳಿಗೆ ನಿಜವಾದ ಬೇರಿಲ್ಲ, ಕಾಂಡವಿಲ್ಲ, ಹೂವೂ ಬೀಜವೂ ಇಲ್ಲ. ಬುಡದಲ್ಲಿರುವುದು ಬಂಡೆಯನ್ನು ಹಿಡಿದುಕೊಳ್ಳುವ ಒಂದು ಹಿಡಿ ಮಾತ್ರ. ಆಹಾರವನ್ನೂ ಲವಣಗಳನ್ನೂ ಇಡೀ ಮೈಯಿಂದಲೇ ನೀರಿನಿಂದ ಹೀರಿಕೊಳ್ಳುತ್ತವೆ. ಸಮುದ್ರದ ನೀರಿನಲ್ಲಿ ಅತ್ಯಲ್ಪವಾಗಿರುವ ಅಯೋಡಿನನ್ನು ಕೆಲವು ಕಡಲಕಳೆಗಳು ಸಾವಿರಾರು ಪಟ್ಟು ಕೂಡಿಹಾಕಿಕೊಳ್ಳುವುದು ಹೀಗೆ.

ಬಣ್ಣವನ್ನು ಅನುಸರಿಸಿ ಇವನ್ನು ಮೂರು ಗುಂಪು ಮಾಡುತ್ತಾರೆ.

ಹಸಿರು ಕಡಲಕಳೆ: ತೆಳುವಾದ ಸೊಪ್ಪಿನ ಹಾಳೆಯಂತಿರುವ ಉಲ್ವಾ, ದ್ರಾಕ್ಷಿ ಗೊಂಚಲನ್ನು ನೆನಪಿಸುವ ಕಾಲರ್ಪಾ ಈ ಗುಂಪಿನವು. ಸಾಮಾನ್ಯವಾಗಿ ಆಳವಿಲ್ಲದ ನೀರಿನಲ್ಲಿ ಬೆಳೆಯುತ್ತವೆ.

ಕಂದು ಕಡಲಕಳೆ: ನಮ್ಮ ಕರಾವಳಿಯ ಸರ್ಗಾಸಂ, ಬೀಸಣಿಗೆಯಾಕಾರದ ಪಡೈನಾ ಇವೆಲ್ಲ ಕಂದು ಗುಂಪಿಗೆ ಸೇರಿದವು. ತಂಪು ಸಮುದ್ರಗಳಲ್ಲಿ ಹತ್ತಾರು ಅಡಿ ಬೆಳೆಯುವ ಕೆಲ್ಪ್ ಕೂಡ ಇದೇ ಗುಂಪಿನದು. ಜಪಾನೀಯರು ಸಾರಿಗೆ ಬಳಸುವ ಕೊಂಬು, ಸೂಪಿಗೆ ಹಾಕುವ ವಕಾಮೆ ಎರಡೂ ಕಂದು ಕಡಲಕಳೆಗಳೇ. ಅಯೋಡಿನ್ ಅತಿ ಹೆಚ್ಚಾಗಿರುವುದು ಇವುಗಳಲ್ಲಿ, ಅದರಲ್ಲೂ ಕೊಂಬುವಿನಲ್ಲಿ.

ಕೆಂಪು ಕಡಲಕಳೆ: ಅನ್ನವನ್ನು ಸುತ್ತಲು ಜಪಾನಿನಲ್ಲಿ ಬಳಸುವ ನೋರಿ ಒಣಗಿದ ಮೇಲೆ ಕಪ್ಪು ಹಸಿರಾಗಿ ಕಂಡರೂ ಈ ಗುಂಪಿನದು. ನಮ್ಮ ಮನೆಗಳಿಗೆ ಬರುವ ಚೈನಾ ಗ್ರಾಸ್ ಸಹ ಕೆಂಪು ಕಡಲಕಳೆಗಳಿಂದಲೇ ತಯಾರಾಗುತ್ತದೆ.

ಗಳಗಂಡಕ್ಕೆ ಮದ್ದಾದ ಬೂದಿ

1811ರಲ್ಲಿ ಫ್ರಾನ್ಸಿನಲ್ಲಿ ಬರ್ನಾರ್ಡ್ ಕುರ್ತ್ವಾ ಎಂಬವರು ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪು ತಯಾರಿಸುವ ಕೆಲಸದಲ್ಲಿದ್ದರು. ಅದಕ್ಕಾಗಿ ಅವರು ಕಡಲಕಳೆಯನ್ನು ಸುಟ್ಟ ಬೂದಿಯನ್ನು ಬಳಸುತ್ತಿದ್ದರು. ಒಂದು ದಿನ ಆ ಬೂದಿಗೆ ಗಂಧಕಾಮ್ಲ ಹೆಚ್ಚಾಗಿ ಬಿದ್ದಾಗ ನೇರಳೆ ಬಣ್ಣದ ಆವಿ ಎದ್ದಿತು, ತಣ್ಣಗಾದಾಗ ಹೊಳೆಯುವ ಹರಳುಗಳಾಯಿತು. ಅದೇ ಅಯೋಡಿನ್. ಗ್ರೀಕ್ ಭಾಷೆಯಲ್ಲಿ ನೇರಳೆಗಿರುವ ಪದದಿಂದಲೇ ಅದಕ್ಕೆ ಆ ಹೆಸರು.

ಚೀನಾದಲ್ಲಿ ಅದಕ್ಕೂ ಬಹಳ ಹಿಂದಿನಿಂದಲೇ ಕುತ್ತಿಗೆಯ ಗಳಗಂಡಕ್ಕೆ ಕಡಲಕಳೆಯನ್ನು ಕೊಡುತ್ತಿದ್ದರು. ಅದು ಏಕೆ ಗುಣ ಮಾಡುತ್ತದೆ ಎಂಬುದು ಗೊತ್ತಿರಲಿಲ್ಲ. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಅವರು ಗಳಗಂಡದ ರೋಗಿಗಳಿಗೆ ಅಯೋಡಿನನ್ನೇ ಕೊಟ್ಟು ನೋಡಿದರು. ಹಲವರ ಗಡ್ಡೆ ಇಳಿಯಿತು. ಕೆಲವರಿಗೆ ಪ್ರಮಾಣ ಮೀರಿ ಎದೆ ಬಡಿತ, ನಡುಕ, ತೂಕ ಇಳಿಕೆ ಕಾಣಿಸಿಕೊಂಡವು. ಅಂದರೆ ಅಯೋಡಿನಿನ ಗುಣವೂ ಅಪಾಯವೂ ವೈದ್ಯರಿಗೆ ಸರಿಸುಮಾರು ಒಂದೇ ಕಾಲಕ್ಕೆ ತಿಳಿದವು.

ನಮ್ಮ ದೇಶದಲ್ಲಿ ಈ ಪಾಠ ಉಪ್ಪಿನ ಮೂಲಕ ಮನೆಮನೆಗೆ ಬಂದಿದೆ. 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಆರಂಭಿಸಿದ ಅಧ್ಯಯನ, ಅಯೋಡಿನ್ ಬೆರೆಸಿದ ಉಪ್ಪು ಗಳಗಂಡವನ್ನು ತಗ್ಗಿಸುತ್ತದೆ ಎಂದು ತೋರಿಸಿಕೊಟ್ಟಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಗುಡ್ಡಗಾಡಿನಲ್ಲಿ ಮಳೆನೀರು ಮಣ್ಣಿನ ಅಯೋಡಿನನ್ನು ತೊಳೆದೊಯ್ಯುವುದರಿಂದ ಕೊಡಗು, ಚಿಕ್ಕಮಗಳೂರಿನಂಥ ಮಲೆನಾಡು ಪ್ರದೇಶಗಳಲ್ಲೂ ಗಳಗಂಡ ಸಾಮಾನ್ಯವಾಗಿತ್ತು. 2006ರಿಂದ ಊಟಕ್ಕೆ ಬಳಸುವ ಉಪ್ಪನ್ನು ಅಯೋಡಿನ್ ಇಲ್ಲದೆ ಮಾರುವುದಕ್ಕೆ ದೇಶದಾದ್ಯಂತ ನಿಷೇಧವಿದೆ.

"ಉಪ್ಪು ಸಮುದ್ರದಿಂದಲೇ ಬರುತ್ತದಲ್ಲ, ಅದರಲ್ಲಿ ಅಯೋಡಿನ್ ಇರುವುದಿಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಸಮುದ್ರದ ನೀರನ್ನು ಒಣಗಿಸಿ ತೆಗೆದ ಉಪ್ಪಿನಲ್ಲಿ ಅಯೋಡಿನ್ ಉಳಿಯುವುದು ನಗಣ್ಯ. ಅದನ್ನು ಹಿಡಿದಿಟ್ಟುಕೊಳ್ಳುವುದು ಕಡಲಕಳೆ ಮತ್ತು ಸಮುದ್ರದ ಮೀನುಗಳು. ಸೈಂಧವ ಲವಣ ಒಳ್ಳೆಯದೆಂದು ಅಡಿಗೆಗೆಲ್ಲ ಅದನ್ನೇ ಬಳಸುವವರು ಪೊಟ್ಟಣದ ಮೇಲೆ ಅಯೋಡಿನ್ ಬೆರೆಸಿದೆಯೇ ಎಂಬುದನ್ನು ನೋಡಿಕೊಳ್ಳಬೇಕು. ಮನೆಯಲ್ಲಿ ಗರ್ಭಿಣಿಯರು, ಚಿಕ್ಕ ಮಕ್ಕಳು ಇದ್ದರಂತೂ ಇದು ಮುಖ್ಯ. ಗರ್ಭದಲ್ಲಿರುವ ಮಗುವಿನ ಮಿದುಳಿನ ಬೆಳವಣಿಗೆಗೆ ತಾಯಿಯ ಅಯೋಡಿನ್ ಬೇಕು.

ಚೈನಾ ಗ್ರಾಸ್ ಮತ್ತು ಪ್ರಯೋಗಾಲಯದ ತಟ್ಟೆ

ಹಾಲು, ಸಕ್ಕರೆ ಹಾಕಿ ಚೈನಾ ಗ್ರಾಸ್ ಕುದಿಸಿ, ತಟ್ಟೆಗೆ ಸುರಿದು ತಣಿಸಿ, ಚೌಕಾಕಾರವಾಗಿ ಕತ್ತರಿಸಿ ಮಕ್ಕಳಿಗೆ ಕೊಡದ ಗೃಹಿಣಿಯರು ವಿರಳ. ಇದರ ಇನ್ನೊಂದು ಹೆಸರು ಅಗರ್. ಪ್ರಾಣಿಗಳ ಮೂಳೆ, ಚರ್ಮಗಳಿಂದ ಮಾಡುವ ಜೆಲಟಿನ್ ಬೇಡವೆನ್ನುವ ಸಸ್ಯಾಹಾರಿಗಳಿಗೆ ಇದು ಒಳ್ಳೆಯ ಬದಲಿ. ಇದರಲ್ಲಿ ನಮಗೆ ಜೀರ್ಣವಾಗುವ ಅಂಶ ಬಹಳ ಕಡಿಮೆ. ಹೆಚ್ಚಿನ ಪಾಲು ನಾರು. ಆದುದರಿಂದ ಮಲಬದ್ಧತೆಗೆ ಸ್ವಲ್ಪ ಸಹಾಯವನ್ನೂ ಮಾಡುತ್ತದೆ. ಆದರೆ ಸಿಹಿಗೆ ಹಾಕಿದ ಸಕ್ಕರೆ ಸಕ್ಕರೆಯೇ. ಮಧುಮೇಹಿಗಳು ಅದನ್ನು ಮರೆಯಬಾರದು.

ಅಗರ್‌ಗೆ ಒಂದು ವಿಚಿತ್ರ ಗುಣವಿದೆ. ಅದು ಕರಗಲು ಸುಮಾರು 85 ಡಿಗ್ರಿ ಶಾಖ ಬೇಕು. ಒಮ್ಮೆ ಕರಗಿದ್ದು ಮತ್ತೆ ಗಟ್ಟಿಯಾಗುವುದು 40 ಡಿಗ್ರಿಗಿಂತ ಕೆಳಗೆ ಇಳಿದಾಗ. ಈ ಗುಣವೇ ವೈದ್ಯಶಾಸ್ತ್ರದ ದಾರಿಯನ್ನು ಬದಲಿಸಿತು. 1880ರ ಸುಮಾರಿಗೆ ಬರ್ಲಿನ್‌ನಲ್ಲಿ ರಾಬರ್ಟ್ ಕೋಖ್ ಅವರ ಪ್ರಯೋಗಾಲಯದಲ್ಲಿ ರೋಗಾಣುಗಳನ್ನು ಬೆಳೆಸಲು ಜೆಲಟಿನ್ ಬಳಸುತ್ತಿದ್ದರು. ಆದರೆ ರೋಗಾಣು ಚೆನ್ನಾಗಿ ಬೆಳೆಯಲು ಬೇಕಾದ ನಮ್ಮ ಮೈಯ ಶಾಖದಲ್ಲಿ, ಅಂದರೆ 37 ಡಿಗ್ರಿಯಲ್ಲಿ, ಜೆಲಟಿನ್ ಕರಗಿ ನೀರಾಗುತ್ತಿತ್ತು. ಸಾಲದೆಂಬಂತೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ತಿಂದೇ ಹಾಕುತ್ತಿದ್ದವು.

ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಎಂಬ ವೈದ್ಯರು, ಬೇಸಿಗೆಯಲ್ಲೂ ತಮ್ಮ ಮನೆಯ ಜೆಲ್ಲಿ ಗಟ್ಟಿಯಾಗಿಯೇ ಇರುವುದು ಹೇಗೆ ಎಂದು ಪತ್ನಿಯನ್ನು ಕೇಳಿದರು. ಆಕೆ ಫ್ಯಾನಿ ಹೆಸ್ಸೆ. ಜಾವಾದಲ್ಲಿ ಇದ್ದು ಬಂದಿದ್ದ ನೆರೆಯವರಿಂದ ಅಗರ್ ಬಳಸುವುದನ್ನು ಕಲಿತಿದ್ದರು. ಆಕೆಯ ಸಲಹೆಯಂತೆ 1881ರಲ್ಲಿ ಅಗರ್ ಪ್ರಯೋಗಾಲಯಕ್ಕೆ ಬಂತು. 1882ರಲ್ಲಿ ಕ್ಷಯದ ರೋಗಾಣುವಿನ ಬಗ್ಗೆ ಕೋಖ್ ಪ್ರಕಟಿಸಿದ ಲೇಖನದಲ್ಲಿ ಅಗರ್‌ನ ಹೆಸರಿತ್ತು, ಫ್ಯಾನಿಯ ಹೆಸರಿರಲಿಲ್ಲ. ಇಂದಿಗೂ ನಿಮ್ಮ ಮೂತ್ರದ, ಕಫದ ಅಥವಾ ಗಾಯದ ಕೀವಿನ 'ಕಲ್ಚರ್' ಪರೀಕ್ಷೆ ಬರೆದುಕೊಟ್ಟರೆ, ಪ್ರಯೋಗಾಲಯದಲ್ಲಿ ಅದನ್ನು ಹಚ್ಚುವುದು ಅಗರ್ ತುಂಬಿದ ತಟ್ಟೆಯ ಮೇಲೆಯೇ. ಯಾವ ಆಂಟಿಬಯಾಟಿಕ್ ನಿಮಗೆ ನಾಟುತ್ತದೆ ಎಂದು ನಾವು ತಿಳಿಯುವುದು ಆ ಅಡಿಗೆಮನೆಯ ಜೆಲ್ಲಿಯಿಂದ.

ಕಾಣದಂತೆ ಬಳಕೆಯಲ್ಲಿರುವ ಕಡಲಕಳೆ

ಕಂದು ಕಡಲಕಳೆಯಿಂದ ಆಲ್ಜಿನೇಟ್ ಎಂಬ ಅಂಟು ಪದಾರ್ಥ ಸಿಗುತ್ತದೆ. ಕ್ಯಾಲ್ಸಿಯಂ ಸೋಕಿದೊಡನೆ ಅದು ಗಟ್ಟಿ ಜೆಲ್ಲಿಯಾಗುತ್ತದೆ. ಹಲ್ಲಿನ ಸೆಟ್ ಮಾಡಿಸಲು ಹೋದಾಗ ದಂತವೈದ್ಯರು ಬಾಯಿಗೆ ಇಟ್ಟು ಅಚ್ಚು ತೆಗೆಯುವ ಮೆತ್ತನೆಯ ಹಿಟ್ಟು ಸಾಮಾನ್ಯವಾಗಿ ಇದರದೇ. ಎದೆಯುರಿಗೆ ಕೊಡುವ ಕೆಲವು ಔಷಧಗಳಲ್ಲಿ ಆಲ್ಜಿನೇಟ್ ಇರುತ್ತದೆ. ಅದು ಹೊಟ್ಟೆಯಲ್ಲಿರುವ ಆಹಾರದ ಮೇಲೆ ತೆಪ್ಪದಂತೆ ತೇಲಿ, ಆಮ್ಲ ಅನ್ನನಾಳಕ್ಕೆ ನುಗ್ಗದಂತೆ ತಡೆಯುತ್ತದೆ. ರಸ ಸೋರುವ ಹುಣ್ಣುಗಳಿಗೆ, ಮಧುಮೇಹಿಗಳ ಕಾಲಿನ ಗಾಯಗಳಿಗೆ ಆಲ್ಜಿನೇಟಿನ ಪಟ್ಟಿ ಕಟ್ಟುವುದುಂಟು. ಗಾಯದ ರಸವನ್ನು ಹೀರಿ ಅದು ಜೆಲ್ಲಿಯಾಗುತ್ತದೆ. ಪಟ್ಟಿ ಬಿಚ್ಚುವಾಗ ಹೊಸ ಚರ್ಮ ಕಿತ್ತು ಬರುವುದಿಲ್ಲ.

ಒಣಗಿಸಿದ ಕೆಲ್ಪ್ ಕಾಂಡದ ಸಣ್ಣ ಕಡ್ಡಿಗಳು ನೀರು ಹೀರಿ ನಿಧಾನವಾಗಿ ಉಬ್ಬುತ್ತವೆ. ಗರ್ಭಕೋಶದ ಬಾಯಿಯನ್ನು ಮೆಲ್ಲನೆ ತೆರೆಯಲು ಸ್ತ್ರೀರೋಗ ತಜ್ಞರು ಇವನ್ನು ಬಳಸುತ್ತ ಬಂದಿದ್ದಾರೆ.

ಕೆಂಪು ಕಡಲಕಳೆಯಿಂದ ಸಿಗುವ ಕ್ಯಾರಗೀನನ್ ಐಸ್‌ಕ್ರೀಮಿನಲ್ಲಿ, ಚಾಕೊಲೇಟ್ ಹಾಲಿನಲ್ಲಿ, ಟೂತ್‌ಪೇಸ್ಟಿನಲ್ಲಿ ಇರುತ್ತದೆ. ಕೋಕೋ ಪುಡಿ ಹಾಲಿನ ತಳಕ್ಕೆ ಇಳಿಯದಂತೆ ಹಿಡಿದಿಡುವುದು ಅದು. ಹೀಗೆ ಕಡಲಕಳೆಯನ್ನು ತಿಂದೇ ಇಲ್ಲ ಎನ್ನುವವರೂ ಅರಿಯದೆ ತಿಂದಿರುತ್ತಾರೆ.

ಈ ಪದಾರ್ಥಗಳ ಹಿಂದೆ ದುಡಿಯುವ ಕೈಗಳಿವೆ. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಮೀನುಗಾರ ಮಹಿಳೆಯರು ಮನ್ನಾರ್ ಕೊಲ್ಲಿಯಲ್ಲಿ ಮುಳುಗಿ ಬಂಡೆಗಳಿಂದ ಕಡಲಕಳೆ ಕಿತ್ತು ತರುವುದನ್ನು ತಲೆಮಾರುಗಳಿಂದ ಮಾಡುತ್ತಿದ್ದಾರೆ. ಭಾವನಗರದ ಕೇಂದ್ರೀಯ ಲವಣ ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯ ಪ್ರಯೋಗಗಳಿಂದಾಗಿ, ಬಿದಿರಿನ ತೆಪ್ಪಗಳಿಗೆ ಕಪ್ಪಾಫೈಕಸ್ ಎಂಬ ಕೆಂಪು ಕಡಲಕಳೆಯ ತುಂಡುಗಳನ್ನು ಕಟ್ಟಿ ಬೆಳೆಸುವ ಕೃಷಿಯೂ ಅಲ್ಲಿ ಆರಂಭವಾಯಿತು. ಸುಮಾರು 45 ದಿನಗಳಿಗೆ ಒಂದು ಬೆಳೆ. ಗೊಬ್ಬರ ಬೇಡ, ಸಿಹಿನೀರು ಬೇಡ. ಆದರೆ ಹೊರಗಿನಿಂದ ಬಂದ ಈ ಜಾತಿ ಹವಳದ ಮೇಲೆ ಹಬ್ಬಿ ಹಾನಿ ಮಾಡುವುದೂ ಕಂಡುಬಂದಿರುವುದರಿಂದ ಎಲ್ಲಿ ಬೆಳೆಯಬೇಕೆಂಬುದರಲ್ಲಿ ಎಚ್ಚರ ಬೇಕಾಗಿದೆ.

ಆಹಾರವಾಗಿ ಎಷ್ಟು ಒಳ್ಳೆಯದು?

ಜಪಾನ್, ಕೊರಿಯಾ, ಚೀನಾಗಳಲ್ಲಿ ಕಡಲಕಳೆ ದಿನನಿತ್ಯದ ಆಹಾರ. ಕೊರಿಯಾದಲ್ಲಿ ಬಾಣಂತಿಗೆ ಕಡಲಕಳೆಯ ಸೂಪ್ ಕೊಡುವುದು ನಮ್ಮಲ್ಲಿ ಮೆಂತ್ಯ, ಅಂಟಿನುಂಡೆ ಕೊಡುವಷ್ಟೇ ಸಹಜ. ಕಡಲಕಳೆಯಲ್ಲಿ ನಾರು, ಖನಿಜಗಳು, ಕೆಲವು ಜೀವಸತ್ವಗಳಿವೆ, ಕೊಬ್ಬು ಕಡಿಮೆ. ಆದರೆ ತಿನ್ನುವ ಪ್ರಮಾಣ ಕೆಲವೇ ಗ್ರಾಂ ಆದ್ದರಿಂದ ಅದೊಂದೇ ನಮ್ಮ ಪೋಷಣೆಯ ಕೊರತೆಯನ್ನು ತುಂಬುತ್ತದೆ ಎಂದು ಭಾವಿಸಬೇಕಾಗಿಲ್ಲ. ನುಗ್ಗೆ, ಹರಿವೆ, ಬಸಳೆ ಸೊಪ್ಪು ನಮ್ಮ ಹಿತ್ತಲಲ್ಲೇ ಇವೆ.

ಅಂಗಡಿಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವ ಸ್ಪಿರುಲಿನಾ ಕಡಲಕಳೆಯಲ್ಲ. ಅದು ಕ್ಷಾರೀಯ ಕೆರೆಗಳಲ್ಲಿ ಬೆಳೆಯುವ ಬರಿಗಣ್ಣಿಗೆ ಕಾಣದ ನೀಲಿಹಸಿರು ಪಾಚಿ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಇದರ ಬಗ್ಗೆ ಬಹಳ ಕೆಲಸ ನಡೆದಿದೆ. ಒಣಗಿದ ಸ್ಪಿರುಲಿನಾದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನ್ ಇರುವುದು ನಿಜ. ಆದರೆ ದಿನಕ್ಕೆ ತೆಗೆದುಕೊಳ್ಳುವುದು ಮೂರು ನಾಲ್ಕು ಗ್ರಾಂ. ಅದರಿಂದ ಸಿಗುವ ಪ್ರೋಟೀನಿಗಿಂತ ಒಂದು ಹಿಡಿ ಹುರಿಗಡಲೆಯಲ್ಲಿ ಸಿಗುವುದು ಹೆಚ್ಚು. ಇನ್ನೊಂದು ಮುಖ್ಯ ಮಾತು: ಸ್ಪಿರುಲಿನಾದಲ್ಲಿ ಬಿ12 ಜೀವಸತ್ವ ಇದೆಯೆಂದು ಸಸ್ಯಾಹಾರಿಗಳು ಅದನ್ನು ನಂಬಿ ಕೂರುತ್ತಾರೆ. ಅದರಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಉಪಯೋಗವಾಗದ ರೂಪ. ಕೈಕಾಲು ಜೋಮು, ನಿಶ್ಶಕ್ತಿ ಇರುವವರು ರಕ್ತ ಪರೀಕ್ಷೆ ಮಾಡಿಸಿಕೊಂಡು ಬೇಕಾದರೆ ಬಿ12 ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುವುದೇ ಸರಿ.

ಸಮುದ್ರದ ಸೂಕ್ಷ್ಮ ಪಾಚಿಗಳಲ್ಲಿ ಒಳ್ಳೆಯ ಗುಣವೂ ಇದೆ. ಮೀನಿನ ಎಣ್ಣೆಯಲ್ಲಿರುವ ಒಮೇಗಾ-3 ಕೊಬ್ಬನ್ನು ಮೀನು ಮುಖ್ಯವಾಗಿ ಪಾಚಿಯಿಂದಲೇ ಆಹಾರ ಸರಪಳಿಯ ಮೂಲಕ ಪಡೆಯುತ್ತದೆ. ಈಗ ಮೀನಿಲ್ಲದೆ ಪಾಚಿಯಿಂದಲೇ ತೆಗೆದ ಡಿಎಚ್‌ಎ ಸಿಗುತ್ತದೆ. ಮೀನು ತಿನ್ನದವರಿಗೆ ವೈದ್ಯರು ಸೂಚಿಸಿದರೆ ಇದನ್ನು ಬಳಸಬಹುದು.

ಪಾಚಿಯಿಂದ ವಿಷ

ಸೂಕ್ಷ್ಮ ಪಾಚಿಗಳಲ್ಲಿ ಕೆಲವು ವಿಷಕಾರಿ. ಅನುಕೂಲ ಸಿಕ್ಕಾಗ ಅವು ವಿಪರೀತ ಬೆಳೆಯುತ್ತವೆ. ಕೆಲವೊಮ್ಮೆ ನೀರೇ ಕೆಂಪಾಗಿ ಕಾಣುತ್ತದೆ. ಚಿಪ್ಪಿನ ಜೀವಿಗಳು ನೀರನ್ನು ಸೋಸಿ ಅವನ್ನು ತಿನ್ನುವುದರಿಂದ ವಿಷ ಅವುಗಳ ಮಾಂಸದಲ್ಲಿ ಸೇರಿಕೊಳ್ಳುತ್ತದೆ. 1983ರಲ್ಲಿ ಮಂಗಳೂರಿಗೆ ದಕ್ಷಿಣದ ಕುಂಬಳೆಯ ಅಳಿವೆಯಿಂದ ತಂದ ಮರುವಾಯಿಯನ್ನು ತಿಂದು ಹಲವರು ಅಸ್ವಸ್ಥರಾದರು, ಒಬ್ಬ ಬಾಲಕ ತೀರಿಕೊಂಡ. ತುಟಿ, ನಾಲಗೆ ಜುಮ್ಮೆನ್ನುವುದು, ಬಳಿಕ ಕೈಕಾಲು ಮರಗಟ್ಟುವುದು, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುವುದು ಇದರ ಲಕ್ಷಣ. ಬೇಯಿಸುವುದರಿಂದ ಈ ವಿಷ ನಾಶವಾಗದು. ಇದಕ್ಕೆ ಪ್ರತಿವಿಷವೂ ಇಲ್ಲ. ಸಕಾಲದಲ್ಲಿ ಕೃತಕ ಉಸಿರಾಟ ಕೊಟ್ಟರೆ ಮಾತ್ರ ಜೀವ ಉಳಿಯುತ್ತದೆ. ಮರುವಾಯಿ ತಿಂದ ಮೇಲೆ ತುಟಿ ಜುಮ್ಮೆಂದರೆ ಮನೆಮದ್ದಿಗೆ ಕಾಯದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಅತಿಯಾದ ಅಯೋಡಿನ್ ಏನು ಮಾಡುತ್ತದೆ?

ಈಗ ಮತ್ತೆ ನಮ್ಮ ಟೀಚರ್ ವಿಷಯಕ್ಕೆ ಬರೋಣ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250. ಒಂದು ಗ್ರಾಂ ಒಣ ನೋರಿಯಲ್ಲಿ ಕೆಲವು ಹತ್ತು ಮೈಕ್ರೋಗ್ರಾಂ ಇದ್ದರೆ, ಒಂದು ಗ್ರಾಂ ಕೊಂಬುವಿನಲ್ಲಿ 2000 ಮೈಕ್ರೋಗ್ರಾಂ ಮೀರುವುದುಂಟು. ಕೆಲ್ಪ್ ಮಾತ್ರೆಗಳಲ್ಲಿ ಎಷ್ಟಿರುತ್ತದೆ ಎಂಬುದು ಸೀಸೆಯಿಂದ ಸೀಸೆಗೆ ಬೇರೆ.

ಅಯೋಡಿನ್ ಮಿತಿಮೀರಿ ಬಂದಾಗ ಥೈರಾಯ್ಡ್ ಗ್ರಂಥಿ ತನ್ನನ್ನು ಕಾಪಾಡಿಕೊಳ್ಳಲು ಹಾರ್ಮೋನ್ ತಯಾರಿಕೆಯನ್ನೇ ತಡೆಹಿಡಿಯುತ್ತದೆ. ಆರೋಗ್ಯವಂತರಲ್ಲಿ ಕೆಲವು ದಿನಗಳಲ್ಲಿ ಅದು ಮತ್ತೆ ಸರಿಹೋಗುತ್ತದೆ. ಈಗಾಗಲೇ ರೋಗಪೀಡಿತವಾದ ಗ್ರಂಥಿಗೆ ಹಾಗೆ ಚೇತರಿಸಿಕೊಳ್ಳುವ ಶಕ್ತಿಯಿಲ್ಲ. ಉಪ್ಪಿನಲ್ಲಿ ಸಾಕಷ್ಟು ಅಯೋಡಿನ್ ಸಿಗುವ ನಮ್ಮ ಮಹಿಳೆಯರಲ್ಲಿ ಥೈರಾಯ್ಡ್ ಕುಂದಲು ಮುಖ್ಯ ಕಾರಣ ಅಯೋಡಿನ್ ಕೊರತೆಯಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ಎರಗುವುದು. ದಣಿದ ಎತ್ತಿಗೆ ಮೇವಿನ ರಾಶಿ ಹಾಕಿದರೆ ಅದು ಗಾಡಿ ಎಳೆಯುತ್ತದೆಯೇ? ಅವರಿಗೆ ಬೇಕಾದುದು ತಯಾರಾದ ಹಾರ್ಮೋನ್, ಅಂದರೆ ಆ ಪುಟ್ಟ ಮಾತ್ರೆ. ಇನ್ನು ಕೆಲವರಲ್ಲಿ, ಅದರಲ್ಲೂ ಹಳೆಯ ಗಂಟು ಗಡ್ಡೆ ಇರುವ ವಯಸ್ಸಾದವರಲ್ಲಿ, ಹೆಚ್ಚಿನ ಅಯೋಡಿನ್‌ನಿಂದ ಗ್ರಂಥಿ ಕೆರಳಿ ಎದೆ ಬಡಿತ, ನಡುಕ ಶುರುವಾಗಬಹುದು. 2009ರಲ್ಲಿ ಆಸ್ಟ್ರೇಲಿಯಾದಲ್ಲಿ ಕೊಂಬು ಬೆರೆಸಿದ ಸೋಯಾ ಹಾಲು ಕುಡಿದವರಿಗೆ ಥೈರಾಯ್ಡ್ ತೊಂದರೆ ಕಾಣಿಸಿಕೊಂಡು, ಆ ಹಾಲನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಬೇಕಾಯಿತು.

ನೆನಪಿಡಬೇಕಾದ ಅಂಶಗಳು

1. ಥೈರಾಯ್ಡ್ ತೊಂದರೆ ಇರುವವರು, ಗರ್ಭಿಣಿಯರು, ಬಾಣಂತಿಯರು ವೈದ್ಯರನ್ನು ಕೇಳದೆ ಕೆಲ್ಪ್ ಮಾತ್ರೆ ಅಥವಾ ಕಡಲಕಳೆಯ ಪುಡಿ ತೆಗೆದುಕೊಳ್ಳಬಾರದು. ಥೈರಾಕ್ಸಿನ್ ಮಾತ್ರೆಯನ್ನು ತಾವಾಗಿ ನಿಲ್ಲಿಸಲೇಬಾರದು.

2. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಕಡಲಕಳೆ ತಿನ್ನುವ ಮುನ್ನ ವೈದ್ಯರಿಗೆ ತಿಳಿಸಬೇಕು. ಅದರಲ್ಲಿರುವ ಕೆ ಜೀವಸತ್ವ ಔಷಧದ ಪರಿಣಾಮವನ್ನು ತಗ್ಗಿಸಬಹುದು. ಮೂತ್ರಪಿಂಡದ ರೋಗಿಗಳು, ರಕ್ತದೊತ್ತಡ ಇರುವವರು ಅದರಲ್ಲಿರುವ ಪೊಟ್ಯಾಸಿಯಂ, ಸೋಡಿಯಂಗಳ ಕಾರಣ ಎಚ್ಚರವಹಿಸಬೇಕು.

3. ಹಿಜಿಕಿ ಎಂಬ ಕಪ್ಪು ಕಡಲಕಳೆಯಲ್ಲಿ ಆರ್ಸೆನಿಕ್ ವಿಷ ಹೆಚ್ಚು. ಅದನ್ನು ತಿನ್ನಬಾರದೆಂದು ಬ್ರಿಟನ್ನಿನ ಆಹಾರ ಸುರಕ್ಷತಾ ಇಲಾಖೆ 2004ರಲ್ಲೇ ಹೇಳಿದೆ.

4. ಚರಂಡಿ ನೀರು, ಬಂದರಿನ ಎಣ್ಣೆ ಸೇರುವ ಕಡೆ ಬೆಳೆದ ಪಾಚಿಯನ್ನು ಆಹಾರಕ್ಕೆ ಬಳಸಬಾರದು. ನೀರಿನಲ್ಲಿರುವ ಅಯೋಡಿನ್ ಹೀರುವಂತೆಯೇ ಸೀಸ, ಕ್ಯಾಡ್ಮಿಯಂಗಳನ್ನೂ ಅದು ಹೀರುತ್ತದೆ.

5. ಅಯೋಡಿನ್ ಬೆರೆತ ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ಒಲೆಯ ಶಾಖದಿಂದ ದೂರವಿಡಿ. ಅಯೋಡಿನ್ ಬೇಕೆಂದು ಉಪ್ಪನ್ನು ಹೆಚ್ಚು ತಿನ್ನಬೇಡಿ.

ಟೀಚರ್ ಮತ್ತೆ ತಮ್ಮ ಮಾತ್ರೆ ಶುರುಮಾಡಿದರು. ಎರಡು ತಿಂಗಳ ಬಳಿಕ ಬಂದಾಗ ಮುಖದ ಊತ ಇಳಿದಿತ್ತು, ದನಿ ಹಿಂದಿನಂತಾಗಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, "ಮೊಮ್ಮಗ ರಜೆಗೆ ಬರುತ್ತಿದ್ದಾನೆ ಡಾಕ್ಟ್ರೇ. ಅವನಿಗೆ ಚೈನಾ ಗ್ರಾಸ್ ಎಂದರೆ ಇಷ್ಟ. ಅದೂ ಕಡಲಕಳೆಯಂತಲ್ಲ, ನಾನು ಒಂದೆರಡು ತುಂಡು ತಿನ್ನಬಹುದೇ?" ಎಂದು ಕೇಳಿದರು. ತೊಳೆದು, ಕುದಿಸಿ, ಸೋಸಿ ತಯಾರಿಸುವ ಅಗರ್‌ನಲ್ಲಿ ಅಯೋಡಿನ್ ಉಳಿಯುವುದು ತೀರ ಅಲ್ಪ. "ಧಾರಾಳವಾಗಿ ತಿನ್ನಿ ಟೀಚರ್. ಬೆಳಿಗ್ಗೆಯ ಮಾತ್ರೆ ಮಾತ್ರ ಮರೆಯಬೇಡಿ" ಎಂದೆ.